ಆಂಟಿಬಾಡಿ ಅಂಟುವುದು ಗೋಂದಿನ ಹಾಗಲ್ಲ

ರಕ್ತದ ಗುಂಪು ನೋಡುವಾಗ ಸ್ಲೈಡ್ ಮೇಲೆ ಆಂಟಿ-ಎ (ಎ ಗುಂಪಿನ ಕಣಗಳನ್ನು ಹಿಡಿಯುವ ಆಂಟಿಬಾಡಿ ಇರುವ ದ್ರವ) ಹನಿ ಬಿದ್ದಾಗ ನಿಮ್ಮ ರಕ್ತ ಮರಳುಮರಳಾಗಿ ಗಂಟು ಕಟ್ಟಿತು, ಆಂಟಿ-ಬಿಗೆ ಏನೂ ಆಗಲಿಲ್ಲ. ಆಂಟಿಬಾಡಿ ಗೋಂದಿನ ಹಾಗೆ ಖಾಯಂ ಅಂಟಿಕೊಳ್ಳುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಖಾಯಂ ಅಲ್ಲ. ಅದೇ ಇದರ ಸೊಗಸು.

ಆಂಟಿಬಾಡಿ 'ವೈ' ಅಕ್ಷರದ ಆಕಾರದ ಪ್ರೋಟೀನು. ಎರಡೂ ತೋಳಿನ ತುದಿಯಲ್ಲಿ ಆರಾರು ಸಣ್ಣ ಕುಣಿಕೆಗಳು ಸೇರಿ ಒಂದು ಗುಳಿ ಆಗಿರುತ್ತದೆ. ಎ ಗುಂಪಿನ ಕೆಂಪು ರಕ್ತಕಣದ ಮೇಲಿರುವ ಸಕ್ಕರೆ ಸರಪಳಿಯ ತುದಿ ಅಲ್ಲಿ ಸರಿಯಾಗಿ ಕೂರುತ್ತದೆ. ಬಿ ಗುಂಪಿನಲ್ಲಿ ಆ ತುದಿ ಬರೀ ಗ್ಯಾಲಕ್ಟೋಸ್ ಅನ್ನುವ ಸಕ್ಕರೆ. ಎ ಗುಂಪಿನಲ್ಲಿ ಅದೇ ಗ್ಯಾಲಕ್ಟೋಸಿಗೆ ನೈಟ್ರೋಜನ್ ಇರುವ ಪುಟ್ಟ ಬಾಲವೊಂದು ಸೇರಿದೆ. ಅಷ್ಟೇ ವ್ಯತ್ಯಾಸ! ಅದನ್ನೂ ಆಂಟಿಬಾಡಿ ಗುರುತು ಹಿಡಿಯುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಹಿಡಿದಿಡುವುದು ಹೈಡ್ರೋಜನ್ ಬಂಧ, ವಿದ್ಯುತ್ ಸೆಳೆತದಂಥ ಸಣ್ಣ ಸಣ್ಣ ಬಲಗಳು. ಒಂದೊಂದೂ ದುರ್ಬಲ. ತೀರಾ ಹತ್ತಿರ ಬಂದರೆ ಮಾತ್ರ ಒಟ್ಟಿಗೆ ಕೆಲಸ ಮಾಡುತ್ತವೆ, ಅದಕ್ಕೇ ಆಕಾರ ಹೊಂದಬೇಕು. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ.

ಹಾಗಾದರೆ ಗಂಟು ಹೇಗೆ ಉಳಿಯಿತು ಅಲ್ವಾ? ಆಂಟಿ-ಎ ಹನಿಯಲ್ಲಿ ಸಾಮಾನ್ಯವಾಗಿ ಇರುವುದು ಐಜಿಎಂ ಅನ್ನುವ ಬಗೆಯ ಆಂಟಿಬಾಡಿ. ಐದು 'ವೈ'ಗಳ ಜೋಡಣೆ, ಅಂದರೆ 10 ಕೈ. ಒಂದು ಬಿಟ್ಟರೂ ಉಳಿದವು ಹಿಡಿದಿರುತ್ತವೆ. ಈ ಕೈಯಲ್ಲಿ ಒಂದು ಕಣ, ಆ ಕೈಯಲ್ಲಿ ಇನ್ನೊಂದು. ಹೀಗೆ ಬಲೆ ಬೆಳೆಯುತ್ತದೆ. ಇದು ರಕ್ತ ಹೆಪ್ಪುಗಟ್ಟುವುದಲ್ಲ, ಅದು ಬೇರೆಯೇ ಕೆಲಸ.

ಐಜಿಜಿ ಅನ್ನುವ ಇನ್ನೊಂದು ಬಗೆಯ ಆಂಟಿಬಾಡಿಗೆ ಎರಡೇ ಕೈ, ಅದು ಚಿಕ್ಕದು, ಕಣದಿಂದ ಕಣಕ್ಕೆ ಸುಲಭವಾಗಿ ಎಟುಕುವುದಿಲ್ಲ. ಆರ್‌ಎಚ್ ನೆಗೆಟಿವ್ ಗರ್ಭಿಣಿಯರಿಗೆ ಇಂಥ ಆಂಟಿಬಾಡಿ ಇದೆಯಾ ಅಂತ ನೋಡಲು ಮಾಡುವ ಕೂಂಬ್ಸ್ ಟೆಸ್ಟ್‌ನಲ್ಲಿ ಐಜಿಜಿಯನ್ನೇ ಹಿಡಿಯುವ ಇನ್ನೊಂದು ಆಂಟಿಬಾಡಿ ಹಾಕಿ ನಡುವೆ ಸೇತುವೆ ಕಟ್ಟುವುದು ಅದಕ್ಕೇ.