ಬಾವಿಕಟ್ಟೆಯ ಹಸಿರಿಗೆ ಹೆಸರಿಲ್ಲ

ಶಿರಸಿ ಕಡೆಯ ಓದುಗರೊಬ್ಬರು ಸಿಟ್ಟಲ್ಲೇ ಬರ್ದಿದಾರೆ: "ಸಮುದ್ರದಲ್ಲಿ ತೊರಕೆ ಮೀನು ಅಳಿದು ಹೋಗ್ತಾ ಇದೆ, ನೀವು ನೋಡಿದ್ರೆ ಗೋಡೆ ಮೇಲಿನ ಪಾಚಿಗೆ ಎರಡು ಪುಟ ಕೊಟ್ಟಿದೀರಿ. ಎಲ್ಲಾ ಕಡೆ ಸಿಗೋ ಪಾಚಿ ಯಾರಿಗೆ ಬೇಕು?"

ನಿಮ್ಮ ಸಂಕಟ ನಿಜ. ದೊಡ್ಡ ಮಾಂಟಾ ತೊರಕೆಯನ್ನ 2020ರಲ್ಲಿ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅಳಿವಿನಂಚಿನ ಪಟ್ಟಿಗೆ ಹಾಕ್ತು, ಅದು ವರ್ಷದಷ್ಟು ಹೊತ್ತು ಹೆರೋದೇ ಒಂದು ಮರಿ, ಬಲೆಗೆ ಸಿಕ್ಕಿದ್ದನ್ನ ತುಂಬಿಸೋಕೆ ಅದಕ್ಕೆ ಪುರುಸೊತ್ತೇ ಇಲ್ಲ. ಒಪ್ದೆ.

ಆದ್ರೆ ಮಾರಾಯ್ರೇ, ಪಾಚಿ ಅಂದ್ರಲ್ಲ, ನನಗೆ ನೋವಾಗಿದ್ದು ಅಲ್ಲೇ. ಅದು ಪಾಚಿ ಅಲ್ಲ, ಮಾರ್ಕಾಂಷಿಯಾ, ಲಿವರ್‌ವರ್ಟ್ ಅನ್ನೋ, ಒದ್ದೆ ನೆಲಕ್ಕೆ ಅಂಟಿ ಚಪ್ಪಟೆಯಾಗಿ ಬೆಳೆಯೋ ಗುಂಪಿನ ಗಿಡ. ಬೇರಿಲ್ಲ, ಹೂವಿಲ್ಲ, ಗಂಡು ಹೆಣ್ಣು ಬೇರೆ ಬೇರೆ ಗಿಡ, ಎರಡೂ ಪುಟ್ಟ ಕೊಡೆ ಬಿಚ್ಚುತ್ತವೆ. ಹೋದ ಆಷಾಢದಲ್ಲಿ ನಮ್ಮ ಹಳೇ ಮನೆ ಬಾವಿಯ ಚಿರೇಕಲ್ಲಿಗೆ ಮುಖ ಹಚ್ಚಿ ಲೆನ್ಸ್ ಹಿಡಿದು ಕೂತಿದ್ದೆ. ಎಲೆಯಂಥ ಚಪ್ಪಟೆ ಮೈ ಮೇಲೆ ಸಾಸಿವೆಯಷ್ಟು ಬಟ್ಟಲು, ಒಳಗೆ ಹಸಿರು ಬಿಲ್ಲೆಗಳು, ಸೂರಿನಿಂದ ಒಂದು ಹನಿ ಬಟ್ಟಲಿಗೆ ಬಿತ್ತು ನೋಡಿ, ಬಿಲ್ಲೆಗಳು ಚಿಮ್ಮಿ ನನ್ನ ಕನ್ನಡಕಕ್ಕೇ ಅಂಟಿದ್ವು! ಒಂದೊಂದು ಬಿಲ್ಲೆಯೂ ಮುಂದೆ ಒಂದು ಗಿಡ. ಮಳೆನೇ ಅದರ ಬಿತ್ತನೆಗಾರ. 2017ರಲ್ಲಿ ವಿಜ್ಞಾನಿಗಳು ಇದರ ಜೀನೋಮನ್ನೇ, ಅಂದ್ರೆ ಅದರ ವಂಶವಾಹಿಗಳ ಬರಹವನ್ನೇ ಓದಿದ್ರು, ನೀರಿನ ಗಿಡ ನೆಲಕ್ಕೆ ಹೇಗೆ ಹತ್ತಿತು ಅನ್ನೋ ಕತೆ ಇದ್ರಲ್ಲಿ ಸಿಗ್ತದೆ ಅಂತ. ನಾವು ಮಾತ್ರ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜತೀವಿ.

ತೊರಕೆಗೆ ನಮ್ಮ ಬಾಯಲ್ಲಿ ಹೆಸರಾದ್ರೂ ಇದೆ, ಕಾರವಾರದ ಮೀನುಪೇಟೆಲಿ ಮಗುವೂ ಗುರುತು ಹಿಡೀತದೆ. ಇದಕ್ಕೆ? ಹಾವಸೆ, ಪಾಚಿ, ಎಲ್ಲಾ ಒಂದೇ ಬುಟ್ಟಿಗೆ. ಹೆಸರಿಲ್ಲದ್ದು ಕಣ್ಣಿಗೆ ಬೀಳೋದಿಲ್ಲ, ಬೀಳದ್ದು ಹೋದ್ರೂ ಗೊತ್ತಾಗೋದಿಲ್ಲ. ಪಿಯುಸಿಲಿ ಇದರ ಚಿತ್ರ ಬರೆದು ಮಾರ್ಕ್ಸ್ ತಗೊಂಡ ಮಕ್ಕಳು ಹಿತ್ತಲಲ್ಲಿ ಇದನ್ನ ತುಳಿದು ಓಡಾಡ್ತಾರೆ, ಪಾಠ ಮಾಡಿದ ಮೇಷ್ಟ್ರೂ ಹೊರಗೆ ಕರ್ಕೊಂಡ್ ಹೋಗಿ ತೋರಿಸಿರೋದಿಲ್ಲ. ಹಳೇ ಬಾವಿಗೆಲ್ಲ ಈಗ ಸಿಮೆಂಟು, ಮೇಲೆ ಟೈಲ್ಸು. ಸರ್ವೇ ಅಂದ್ರೆ ಹುಲಿ ಎಣಿಸೋದು ಅಷ್ಟೇ ಅಂದ್ಕೊಂಡಿದೀವಿ.

ನೀವು ಮಲೆನಾಡಲ್ಲಿ ಇದ್ದೀರಿ, ತೋಟದ ಕಾದಿಗೆ, ಅಂದ್ರೆ ನೀರು ಹರಿಯೋ ಕಾಲುವೆ, ಅದರ ಬದಿಯಲ್ಲಿ ಇದು ಇದ್ದೇ ಇರ್ತದೆ. ನಿಮ್ಮನೆ ಅಜ್ಜಿ ಇದಕ್ಕೆ ಬೇರೆ ಏನಾದ್ರೂ ಹೆಸರು ಹೇಳ್ತಿದ್ರಾ, ಕೇಳಿ ಬರೀರಿ. ಮುಂದಿನ ಸಂಚಿಕೆಲಿ ಅದೇ ಹೆಸರಲ್ಲಿ ಅಚ್ಚು ಹಾಕ್ತೀನಿ.

— ಸಂ.