ಓದುಗರ ಪ್ರಶ್ನೆ: ಬಾಟಲಿಯಲ್ಲಿರುವುದು ಯಾವ ಆಲ್ಕೋಹಾಲ್?

ಪ್ರಶ್ನೆ: ನಮ್ಮ ಮನೆಯಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರ್, ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮರದ ಪಾಲಿಶ್‌ಗೆಂದು ತಂದ ಡಿನೇಚರ್ಡ್ ಸ್ಪಿರಿಟ್ ಇವೆ. ಮೂರರ ವಾಸನೆಯೂ ಹೆಚ್ಚುಕಡಿಮೆ ಒಂದೇ. ಸ್ಯಾನಿಟೈಸರ್ ಮುಗಿದಾಗ ಪಾಲಿಶ್‌ನ ಸ್ಪಿರಿಟನ್ನೇ ಕೈಗೆ ಹಚ್ಚಿಕೊಳ್ಳಬಹುದೇ?

ಉತ್ತರ: ದಯವಿಟ್ಟು ಹಚ್ಚಿಕೊಳ್ಳಬೇಡಿ. ಆಲ್ಕೋಹಾಲ್ ಎಂಬುದು ಒಂದು ದೊಡ್ಡ ಕುಟುಂಬದ ಹೆಸರು. ತ್ವಚೆಗೆ ಹಚ್ಚುವ ಗ್ಲಿಸರಿನ್ ಕೂಡ ಆ ಕುಟುಂಬದ್ದೇ. ಅಣುವಿನಲ್ಲಿ ಒಂದು ಇಂಗಾಲವಿದ್ದರೆ ಅದು ಮೆಥನಾಲ್, ಎರಡಿದ್ದರೆ ಎಥನಾಲ್. ಐಸೊಪ್ರೊಪೈಲ್‌ನಲ್ಲಿ ಮೂರು ಇಂಗಾಲಗಳಿರುತ್ತವೆ. ಮೂರೂ ನೀರಿನಂತೆ ತಿಳಿಯಾಗಿದ್ದು ಬೇಗ ಆರಿಹೋಗುವುದರಿಂದ ಕಣ್ಣು, ಮೂಗುಗಳನ್ನು ನಂಬಿ ಇವುಗಳನ್ನು ಬೇರ್ಪಡಿಸಲು ಆಗುವುದಿಲ್ಲ.

ಯೀಸ್ಟ್ ಸಕ್ಕರೆಯನ್ನು ಹುದುಗಿಸಿದಾಗ ಹುಟ್ಟುವ ಎಥನಾಲ್ ಮದ್ಯದಲ್ಲಿಯೂ ಇದೆ, ಹಲವು ಸ್ಯಾನಿಟೈಸರ್‌ಗಳಲ್ಲಿಯೂ ಇದೆ. ಮದ್ಯದ ಮೇಲೆ ತೆರಿಗೆ ಇರುವ ಕಾರಣ, ಕೈಗಾರಿಕೆಗೆ ಕೊಡುವ ಎಥನಾಲನ್ನು ಯಾರೂ ಕುಡಿಯದಂತೆ ಉದ್ದೇಶಪೂರ್ವಕವಾಗಿ ಕೆಡಿಸಿ ಮಾರುತ್ತಾರೆ. ಅದೇ ಡಿನೇಚರ್ಡ್ ಸ್ಪಿರಿಟ್. ಕೆಡಿಸಲು ವಿಪರೀತ ಕಹಿಯಾದ ಡಿನಟೋನಿಯಂ ಬೆರೆಸುವುದುಂಟು, ಕೆಲವು ದೇಶಗಳಲ್ಲಿ ನೇರಳೆ ಬಣ್ಣ ಹಾಕುವುದುಂಟು, ಮೆಥನಾಲ್ ಸೇರಿಸುವುದೂ ಉಂಟು. ಈ ಕೊನೆಯದೇ ನನ್ನನ್ನು ಹೆದರಿಸುವುದು.

ನಮ್ಮ ಯಕೃತ್ತಿನಲ್ಲಿರುವ ಒಂದೇ ಕಿಣ್ವ ಎಥನಾಲ್, ಮೆಥನಾಲ್ ಎರಡನ್ನೂ ಒಡೆಯಲು ತೊಡಗುತ್ತದೆ. ಎಥನಾಲ್ ಕೊನೆಗೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವಾಗಿ ದೇಹದಲ್ಲಿ ಬಳಕೆಯಾಗಿಬಿಡುತ್ತದೆ. ಮೆಥನಾಲ್ ಮಾತ್ರ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ರಕ್ತದಲ್ಲಿ ಸೇರಿಕೊಂಡು ಕಣ್ಣಿನ ನರವನ್ನು ಸುಡುತ್ತದೆ. ಕೆಲವೇ ಚಮಚಗಳಷ್ಟು ಹೊಟ್ಟೆಗೆ ಹೋದರೂ ದೃಷ್ಟಿ ಅಥವಾ ಪ್ರಾಣ ಹೋಗಬಹುದು. ಕುಡಿದವರಿಗೆ ಮೊದಲು ಸಾಮಾನ್ಯ ಅಮಲಿನಂತೆಯೇ ಅನಿಸಿ, 12ರಿಂದ 24 ಗಂಟೆಗಳ ನಂತರ ಎದುರಿಗೆ ಹಿಮ ಸುರಿಯುತ್ತಿರುವಂತೆ ಕಣ್ಣು ಮಂಜಾಗುವುದರಿಂದ, ಸುಧಾರಿಸಿಕೊಳ್ಳಲಿ ಎಂದು ಕಾಯುವುದರಲ್ಲೇ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಕೂಡಲೇ ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರು ಫೋಮೆಪಿಜೋಲ್ ಎಂಬ ಔಷಧವನ್ನೋ ಎಥನಾಲನ್ನೋ ಕೊಟ್ಟು ಆ ಕಿಣ್ವವನ್ನು ತಡೆದು, ಅಗತ್ಯವಿದ್ದರೆ ಡಯಾಲಿಸಿಸ್ ಮಾಡಿ ಮೆಥನಾಲನ್ನು ಹೊರಹಾಕುತ್ತಾರೆ.

ಮೆಥನಾಲ್ ಚರ್ಮದ ಮೂಲಕವೂ ಒಳಸೇರುತ್ತದೆ. ಆದ್ದರಿಂದ ಪಾಲಿಶ್‌ನ ಸ್ಪಿರಿಟು ಪಾಲಿಶ್‌ಗಷ್ಟೇ ಇರಲಿ. ಅರಗಿನ ಪಾಲಿಶ್‌ ಕರಗಿಸಲು ಅದು ಬಹಳ ಒಳ್ಳೆಯದು, ಕಿಟಕಿ ತೆರೆದಿಟ್ಟು ಬಳಸಿರಿ.

ಪ್ರಶ್ನೆ: ಶೇ. 99ರ ಐಸೊಪ್ರೊಪೈಲ್ ಶೇ. 70ರದಕ್ಕಿಂತ ಉತ್ತಮವೇ?

ಉತ್ತರ: ಕೆಲಸ ಯಾವುದು ಎಂಬುದರ ಮೇಲೆ ಅದು ನಿಂತಿದೆ. ಶೇ. 99ರ ಒಂದು ಹನಿಯನ್ನು ಅಂಗೈಗೆ ಹಾಕಿದರೆ ತಣ್ಣಗೆ ತಾಗಿದ ಮರುಕ್ಷಣವೇ ಹಾರಿಹೋಗುತ್ತದೆ, ಶೇ. 70ರ ಹನಿ ಇನ್ನೂ ಸ್ವಲ್ಪ ಹೊತ್ತು ಒದ್ದೆಯಾಗಿಯೇ ಉಳಿಯುತ್ತದೆ. ರೋಗಾಣುವಿನ ಪ್ರೋಟೀನನ್ನು ಕೆಡಿಸಲು ಆ ಹೊತ್ತೂ ಬೇಕು, ನೀರೂ ಬೇಕು. ಹಾಗಾಗಿ ಸೋಂಕು ನಿವಾರಣೆಗೆ ಶೇ. 70ರದೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಕೈ ಸ್ಯಾನಿಟೈಸರ್ ಸೂತ್ರಗಳಲ್ಲಿಯೂ ಶೇ. 80 ಎಥನಾಲ್ ಅಥವಾ ಶೇ. 75 ಐಸೊಪ್ರೊಪೈಲ್ ಇದೆ. ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಮಾತ್ರ ಯಾವ ಆಲ್ಕೋಹಾಲೂ ಕೊಲ್ಲುವುದಿಲ್ಲ.

ಸರ್ಕ್ಯೂಟ್ ಬೋರ್ಡಿನ ವಿಷಯದಲ್ಲಿ ಇದು ತಿರುವುಮುರುವು. ಶೇ. 70ರದನ್ನು ಹಚ್ಚಿದರೆ ಆಲ್ಕೋಹಾಲ್ ಆರಿದ ಮೇಲೂ ಚಿಪ್‌ನ ಕಾಲುಗಳ ಸಂದಿಯಲ್ಲಿ ನೀರಿನ ತೆಳುಪದರ ಉಳಿದು ತುಕ್ಕಿಗೆ ದಾರಿಯಾಗುವುದರಿಂದ, ವಿದ್ಯುತ್ ಸಂಪರ್ಕ ಬಿಡಿಸಿ ಶೇ. 90ಕ್ಕಿಂತ ಹೆಚ್ಚಿನದನ್ನೇ ಬಳಸಬೇಕು. ಅಕ್ರಿಲಿಕ್ ಹಾಳೆಯ ಮೇಲೆ ಯಾವುದನ್ನೂ ಒರೆಸಬೇಡಿ, ಅದರಲ್ಲಿ ಸಣ್ಣ ಸೀಳುಗಳು ಏಳುತ್ತವೆ.

ಪ್ರಶ್ನೆ: ಇವುಗಳನ್ನು ಮನೆಯಲ್ಲಿ ಇಡುವುದು ಹೇಗೆ?

ಉತ್ತರ: ತಂದ ಬಾಟಲಿಯಲ್ಲೇ, ಮುಚ್ಚಳ ಬಿಗಿಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ; ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ. ಶುದ್ಧ ರೂಪದಲ್ಲಿ ಮೂರರ ಆವಿಯೂ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ, ಅದರಲ್ಲೂ ಮೆಥನಾಲಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣಿಸುವುದೇ ಕಷ್ಟ. ಬ್ಲೀಚ್ ಜೊತೆಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಸಂಯುಕ್ತಗಳು ಹುಟ್ಟುವುದರಿಂದ ಎರಡನ್ನೂ ಒಂದೇ ಬಟ್ಟೆಯಲ್ಲಿ ಬಳಸಬೇಡಿ. ಬರೀ ‘ಸ್ಪಿರಿಟ್’ ಎಂದಷ್ಟೇ ಬರೆದು, ಒಳಗೆ ಏನಿದೆಯೆಂದು ಹೇಳದ ಬಾಟಲಿಯನ್ನು ಮೆಥನಾಲ್ ಎಂದೇ ಭಾವಿಸಿ ದೂರವಿಡಿ.