ಪುಸ್ತಕದ ಮಾತು: ಗೆದ್ದ ಮೇಲೆ ಹಡಗು ಹತ್ತಿದ್ದು ಯಾಕೆ?

ಪ್ರಶ್ನೆ: ಟೀಚರೇ, ಚೀನೀ ಲೇಖಕ ಜಿನ್ ಯೋಂಗ್ ಬರೆದ 'ಬಿ ಶ್ಯುವೆ ಜಿಯಾನ್' ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದೆ. ಅಪ್ಪನನ್ನು ಕೊಲ್ಲಿಸಿದ ಚಕ್ರವರ್ತಿಯ ಮೇಲೆ ಸೇಡು ತೀರಿಸಲು ನಾಯಕ ದಂಗೆಯವರ ಜೊತೆ ಸೇರುತ್ತಾನೆ. ದಂಗೆ ಗೆಲ್ಲುತ್ತದೆ, ಚಕ್ರವರ್ತಿ ಸಾಯುತ್ತಾನೆ. ಕೊನೆಗೆ ನೋಡಿದರೆ ಇವನೇ ಬೇಸತ್ತು ಕಡಲು ದಾಟಿ ಹೋಗಿಬಿಡುತ್ತಾನೆ! ಅಷ್ಟು ದಪ್ಪ ಪುಸ್ತಕ ಓದಿ ಮೋಸ ಹೋದ ಹಾಗಾಯಿತು.
– ಬಿ.ಎ. ವಿದ್ಯಾರ್ಥಿ, ಮೂಡುಬಿದಿರೆ

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ನನಗೆ ಆ ಪುಸ್ತಕ ಇಷ್ಟವಾದದ್ದೇ ಆ ಕೊನೆಯಿಂದ.

ನಾಯಕ ಯುವಾನ್ ಚೆಂಗ್‌ಜಿ ಕಲ್ಪನೆಯ ಹುಡುಗ. ಅವನ ಅಪ್ಪ ಯುವಾನ್ ಚೊಂಗ್‌ಹುವಾನ್ ಮಾತ್ರ ನಿಜವಾಗಿ ಇದ್ದವನು. 1626ರಲ್ಲಿ ನಿಂಗ್‌ಯುವಾನ್ ಕೋಟೆಯ ಮೇಲೆ ತೋಪು ಇಟ್ಟು ಈಶಾನ್ಯ ಗಡಿಯಾಚೆಯ ಮಂಚು ಜನರ ದೊರೆ ನುರ್ಹಾಚಿಯನ್ನು ಹಿಮ್ಮೆಟ್ಟಿಸಿದ ಸೇನಾಪತಿ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆಗ ಚೀನಾ ಆಳುತ್ತಿದ್ದ ಮಿಂಗ್ ವಂಶದ ಚಕ್ರವರ್ತಿ ಚೊಂಗ್‌ಜೆನ್ ಅವನನ್ನೇ ದ್ರೋಹಿ ಎಂದು ನಂಬಿದ. ಬೀಜಿಂಗಿನಲ್ಲಿ ಜನರ ಕಣ್ಣೆದುರೇ ತುಂಡು ತುಂಡು ಮಾಡಿಸಿ ಕೊಲ್ಲಿಸಿದ.

ಇನ್ನು ದಂಗೆಯ ಮುಖಂಡ ಲಿ ಜಿಚೆಂಗ್. ಶಾನ್‌ಶಿ ಪ್ರಾಂತ್ಯದವನು, ಸರಕಾರಿ ಅಂಚೆ ಠಾಣೆಯಲ್ಲಿ ಆಳು. ಖರ್ಚು ಉಳಿಸಲು ಚಕ್ರವರ್ತಿ ಅಂಚೆ ಠಾಣೆಗಳನ್ನು ಕಡಿಮೆ ಮಾಡಿದಾಗ ಅವನ ಕೆಲಸ ಹೋಯಿತು. ಅದೇ ಹೊತ್ತಿಗೆ ಆ ಕಡೆಯೆಲ್ಲ ಬರಗಾಲ. ತೆರಿಗೆಯನ್ನು ಬೆಳ್ಳಿಯಲ್ಲಿ ಕಟ್ಟಬೇಕು. ಕಾಳೇ ಇಲ್ಲದವನು ಬೆಳ್ಳಿ ಎಲ್ಲಿಂದ ತರಬೇಕು, ಹೇಳಿ? "ಚುವಾಂಗ್ ರಾಜನನ್ನು ಬರಮಾಡಿಕೊಳ್ಳಿ, ಧಾನ್ಯದ ತೆರಿಗೆ ಕೊಡಬೇಕಾಗಿಲ್ಲ" ಅಂತ ಲಿಯ ಕಡೆಯವರು ಊರೂರಲ್ಲಿ ಸಾರಿದರು. ಚುವಾಂಗ್ ರಾಜ ಅಂದರೆ ಲಿಯೇ. ಹಸಿದವರಿಗೆ ಅಷ್ಟು ಸಾಕಾಯಿತು.

1644ರ ಏಪ್ರಿಲ್‌ನಲ್ಲಿ ಅವರು ಬೀಜಿಂಗ್ ಹೊಕ್ಕರು. ಚಕ್ರವರ್ತಿ ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡ. ಸುಮಾರು 40 ದಿನ, ಅಷ್ಟೇ ಅವರ ರಾಜ್ಯಭಾರ. ಆ ದಿನಗಳಲ್ಲಿ ಲಿಯ ದಂಡನಾಯಕರು ಹಳೇ ಅಧಿಕಾರಿಗಳ ಕಾಲನ್ನು ಮರದ ಇಕ್ಕಳಕ್ಕೆ ಕೊಟ್ಟು ಬಿಗಿಸಿ ಬೆಳ್ಳಿ ಕಕ್ಕಿಸಿದರು. ಬೆಳ್ಳಿಗಾಗಿಯೇ ಸತ್ತ ರೈತರ ಹೆಸರಿನಲ್ಲಿ ಬಂದವರು ಕೇಳಿದ್ದೂ ಬೆಳ್ಳಿಯನ್ನೇ! ಅಷ್ಟರಲ್ಲಿ ಗಡಿ ಕಾಯುತ್ತಿದ್ದ ವು ಸಾನ್‌ಗುಯಿ ಮಂಚುಗಳ ಜೊತೆ ಸೇರಿದ. ಶಾನ್‌ಹಾಯ್ ಕಣಿವೆಯ ಹತ್ತಿರ ಲಿ ಸೋತ. ಬೀಜಿಂಗಿಗೆ ಓಡಿ ಬಂದು, ಅವಸರದಲ್ಲಿ ಪಟ್ಟ ಕಟ್ಟಿಸಿಕೊಂಡು, ಅರಮನೆಗೆ ಬೆಂಕಿ ಇಡಿಸಿ, ಮರುದಿನವೇ ಊರು ಬಿಟ್ಟ.

ಕಾದಂಬರಿಯ ಹುಡುಗ ನಡೆಯುವುದು ಈ ಬೀದಿಗಳಲ್ಲಿ. ಅಪ್ಪನ ಸೇಡು ತೀರಿದೆ. ಆದರೆ ಮನೆಗಳಿಗೆ ನುಗ್ಗುತ್ತಿರುವವರು ತನ್ನ ಕಡೆಯವರೇ. ಲಿಯ ಪಕ್ಕದಲ್ಲಿದ್ದ ಒಬ್ಬ ಒಳ್ಳೆಯವನು, ಲಿ ಯಾನ್, ಅವನ ಮೇಲೂ ಲಿಗೆ ಸಂಶಯ ಬಂದು ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ಒಳ್ಳೆ ಸೇನಾಪತಿಯನ್ನು ಸಂಶಯಪಟ್ಟು ಕೊಂದವನು ಚೊಂಗ್‌ಜೆನ್ ತಾನೆ? ಹುಡುಗನ ಅಪ್ಪನಿಗೆ ಆದದ್ದೇ ಮತ್ತೆ ಆಯಿತು, ಈ ಸಲ ಗೆದ್ದವರ ಕೈಯಿಂದ. ಇಷ್ಟು ನೋಡಿದ ಮೇಲೂ ಅವನು ಅಲ್ಲೇ ನಿಂತು ಜೈಕಾರ ಹಾಕಿದ್ದರೆ ನಾನು ಪುಸ್ತಕ ಮುಚ್ಚಿಡುತ್ತಿದ್ದೆ. ಆ ಕೊನೆಯ ಭಾಗವನ್ನು ಇನ್ನೊಮ್ಮೆ ಓದಿ. ಕತ್ತಿವರಸೆ ಬಿಟ್ಟುಬಿಡಿ. ಪೇಟೆಯ ಜನ ಏನು ಮಾಡುತ್ತಾರೆ, ಅದನ್ನು ಮಾತ್ರ ನೋಡಿ.

ಪ್ರಶ್ನೆ: ಇದೇ ಕಾದಂಬರಿಯ ಇಂಗ್ಲಿಷ್ ಹೆಸರಿನಲ್ಲಿ 'ರಾಜರಕ್ತ' ಅಂತಿದೆ. ಯಾವ ರಾಜನ ರಕ್ತ?
– ಓದುಗರು, ಬ್ರಹ್ಮಾವರ

ಉತ್ತರ: ಚೀನೀ ಹೆಸರಿನಲ್ಲಿ ರಾಜ ಇಲ್ಲವೇ ಇಲ್ಲ! 'ಬಿ' ಅಂದರೆ ಹಸಿರು ಮಣಿ, 'ಶ್ಯುವೆ' ರಕ್ತ, 'ಜಿಯಾನ್' ಕತ್ತಿ. ಹಿಂದೆ ಚಾಂಗ್ ಹೊಂಗ್ ಎಂಬ ನಿಷ್ಠಾವಂತ ಅನ್ಯಾಯವಾಗಿ ಸತ್ತನಂತೆ. ಅವನ ರಕ್ತವನ್ನು ಜನ ತೆಗೆದಿಟ್ಟರಂತೆ. ಮೂರು ವರ್ಷದ ಮೇಲೆ ಅದು ಹಸಿರು ಮಣಿಯಾಗಿತ್ತಂತೆ. ಅಂಥ ರಕ್ತ ಅದು. ಅಂದರೆ ಸೇನಾಪತಿ ಅಪ್ಪನದ್ದು.

ಜಿನ್ ಯೋಂಗ್ ಅವರೇ ಮುಂದೆ ಬರೆದಿದ್ದಾರೆ: ಈ ಪುಸ್ತಕದ ನಿಜವಾದ ನಾಯಕ ಆ ಅಪ್ಪ, ಅವನ ನಂತರ ನಾಯಕನ ಕೈಗೆ ಬಂದ ಹೊನ್ನ ಹಾವಿನ ಕತ್ತಿಯ ಹಿಂದಿನ ಒಡೆಯ. ಇಬ್ಬರೂ ಕಥೆಯಲ್ಲಿ ಎದುರಿಗೆ ಬರುವುದೇ ಇಲ್ಲ, ಬೇರೆಯವರ ಮಾತಿನಲ್ಲೇ ಬರುತ್ತಾರೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ತಾಳಮದ್ದಳೆಯಲ್ಲಿ ಕಿರೀಟ ಇಲ್ಲ, ಬಣ್ಣ ಇಲ್ಲ. ಬಿಳಿ ಪಂಚೆ ಉಟ್ಟು ಕೂತವರು ಮಾತಿನಲ್ಲೇ ಕರ್ಣನನ್ನು ತಂದು ಕೂರಿಸುತ್ತಾರೆ. ಬೆಳಗಿನ ಜಾವಕ್ಕೆ ಮನೆಗೆ ನಡೆಯುವಾಗ ಕರ್ಣನನ್ನು ಕಣ್ಣಾರೆ ಕಂಡ ಹಾಗೇ ಇರುತ್ತದೆ, ಅಲ್ವಾ?

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ಇಂಥ ಕಥೆಗಳನ್ನೇ ಓದುತ್ತಾನೆ. ಗೋಡೆ ಹಾರುವುದು, ನೀರಿನ ಮೇಲೆ ಓಡುವುದು. ಬಿಡಿಸಬೇಕಾ?
– ತಾಯಿ, ಉಡುಪಿ

ಉತ್ತರ: ಬೇಡಮ್ಮ. ಹಾರುವುದು ಕಥೆ, ಸುಮ್ನೆ ಖುಷಿಪಡಲಿ. ಜಿನ್ ಯೋಂಗ್ ಇದನ್ನು 1956ರಲ್ಲಿ ಹಾಂಗ್‌ಕಾಂಗ್‌ನ ಪತ್ರಿಕೆಯಲ್ಲಿ ವರ್ಷಪೂರ್ತಿ ಧಾರಾವಾಹಿಯಾಗಿ ಬರೆದರು. ನಾಳೆಯ ಕಂತಿಗೆ ಓದುಗ ಕಾಯಬೇಕಲ್ಲ! ನನ್ನ ಅಮ್ಮ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ, ದಬ್ಬಣದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು ಇಡುತ್ತಿದ್ದರು. ನಾನು ಓದಲು ಕಲಿತದ್ದು ಆ ಕಟ್ಟುಗಳಿಂದ. ಮಗನ ಮುಂದೆ ಒಂದು ಚೀನಾ ನಕ್ಷೆ ಇಡಿ. ನಾಯಕ ವಿದ್ಯೆ ಕಲಿತ ಹುವಾ ಪರ್ವತ ಎಲ್ಲಿದೆ, ಅವನೇ ಹುಡುಕಲಿ.

ಪ್ರಶ್ನೆ: ನಮ್ಮೂರಿನ ದಂಗೆಯ ಮೇಲೆ ಕಾದಂಬರಿ ಇದೆಯಾ?
– ಓದುಗರು, ಸುಳ್ಯ

ಉತ್ತರ: ಇದೆ. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರ 'ಕಲ್ಯಾಣಸ್ವಾಮಿ'. ಮೊದಲು ಅದನ್ನು ಓದಿ.

ಚಿಕ್ಕವರಿದ್ದಾಗ ನಾವು ಜಾಸ್ತಿ ಗಲಾಟೆ ಮಾಡಿದರೆ ಅಜ್ಜಿ "ಇದೆಂಥ ಕಲ್ಯಾಣಪ್ಪನ ಕಾಟಕಾಯಿ?" ಅಂತ ಬೈಯುತ್ತಿದ್ದರು. ಕಾಟಕಾಯಿ ಅಂದರೆ ಲೂಟಿ. ಕಲ್ಯಾಣಪ್ಪ ಅಂದರೆ ಆ ದಂಗೆಯವರು ಮುಂದಿಟ್ಟ ಕಲ್ಯಾಣಸ್ವಾಮಿ. ಮಿಂಗ್ ಅಧಿಕಾರಿಗಳು ಲಿ ಜಿಚೆಂಗ್‌ನ ಜನರನ್ನು 'ಅಲೆಮಾರಿ ದರೋಡೆಕೋರರು' ಎಂದು ಬರೆದರು. ನಮ್ಮವರಿಗೂ ಅಂಥದೇ ಹೆಸರು ಬಿತ್ತು. ಆದದ್ದೇನು? 1834ರಲ್ಲಿ ಕೊಡಗಿನ ಅರಸನನ್ನು ಇಳಿಸಿದ ಮೇಲೆ ಬ್ರಿಟಿಷರು ಅಮರಸುಳ್ಯವನ್ನು ಕೆನರಾಕ್ಕೆ ಸೇರಿಸಿದರು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕಟ್ಟಿ ಎಂದರು. ಅಕ್ಕಿ ಮುಡಿ ಕಟ್ಟಿ ಗೊತ್ತಿದ್ದವರ ಕೈಯಲ್ಲಿ ರೂಪಾಯಿ ಎಲ್ಲಿತ್ತು? 1837ರ ಏಪ್ರಿಲ್‌ನಲ್ಲಿ ಅವರು ಮಂಗಳೂರಿಗೆ ಬಂದು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿ, 13 ದಿನ ಊರನ್ನು ಕೈಯಲ್ಲಿಟ್ಟುಕೊಂಡರು. ಮುಖಂಡರನ್ನು ಆಮೇಲೆ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಹೈಸ್ಕೂಲಿನಲ್ಲಿ ಇಷ್ಟು ವರ್ಷ ಚರಿತ್ರೆ ಕಲಿಸಿದೆ. ಈ ಪಾಠವನ್ನು ಎರಡೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಆ ನೋವು ನನಗೆ ಇನ್ನೂ ಇದೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ಆ ದಂಗೆಯ ಮುಖಂಡ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇಟ್ಟ ಮೇಲೆ ಒಂದು ಸಂಜೆ ಹೋಗಿ ನಿಂತೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ 'ಕಾಟಕಾಯಿ'ಯ ಕಥೆ ಹೇಳುವವರಿದ್ದರೆ ದಯವಿಟ್ಟು ಅವರ ಮಾತಿನಲ್ಲೇ ಬರೆದು ಕಳಿಸಿ. ಒಂದು ಶಬ್ದವನ್ನೂ ತಿದ್ದಬೇಡಿ.